ಎದುರು ಗೋಡೆಯವರೆಗಿನ ನಡಿಗೆ

ಕಳೆದ ಭಾನುವಾರ ಮಧ್ಯಾಹ್ನ ನಾನು, ನನ್ನ ಹೆಂಡತಿ, ಮಗಳು ಮೂವರೂ ಕೂತು ಹಳೆಯ ಕೇರಂ ಬೋರ್ಡು ಹೊರತೆಗೆದೆವು. ಪೌಡರ್ ಉದುರಿಸಿ ಅಂಗೈಯಲ್ಲಿ ಸವರಿದ್ದೇ ತಡ, ಪರದೇಶದ ಈ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಐರಿಶ್ ತಾತ ನೆನಪಾದರು...

ಹತ್ತು ವರ್ಷದ ಮೇಲಾಯಿತು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಮದುವೆಯಾಗಿರಲಿಲ್ಲ. ಬೇಲಿಯ ಮೇಲೆ ಮೊಣಕೈಯೂರಿದರೆ ತಮ್ಮ ಹಳ್ಳಿಯ ಡಾನ್ಸ್ ಹಾಲ್‌ನ ಕಥೆ ಶುರು. ಸುತ್ತಲ ಊರಿನವರೆಲ್ಲ ಸೈಕಲ್ ತುಳಿದುಕೊಂಡು ಬರುತ್ತಿದ್ದರಂತೆ. ಕಾಲು ಸಲೀಸಾಗಿ ಜಾರಲೆಂದು ನೆಲದ ಮೇಲೆ ಮೇಣದಬತ್ತಿ ಹೆರೆದು ಉದುರಿಸುತ್ತಿದ್ದರಂತೆ. ಹುಡುಗರೆಲ್ಲ ಒಂದು ಗೋಡೆಗೆ, ಹುಡುಗಿಯರೆಲ್ಲ ಎದುರು ಗೋಡೆಗೆ. ಕುಣಿಯಬೇಕೆಂದರೆ ಹುಡುಗ ಅಷ್ಟಗಲ ನೆಲ ದಾಟಿ ಹೋಗಿ ಕೇಳಬೇಕು. ಅವಳು ಒಲ್ಲೆನೆಂದರೆ, ಊರೆಲ್ಲ ನೋಡುತ್ತಿರುವಾಗ ಅಷ್ಟೂ ದೂರ ಒಬ್ಬನೇ ವಾಪಸು ನಡೆಯಬೇಕು.

ಹಸಿರು ಕೋಟಿನ ಹುಡುಗಿಯೊಬ್ಬಳ ಕಥೆಯನ್ನು ಮಾತ್ರ ಪ್ರತಿ ಸಲ ಬೇರೆ ಥರ ಮುಗಿಸುತ್ತಿದ್ದರು. ಕೇಳಲು ಹೊರಟಾಗ ಒಮ್ಮೆ ಬ್ಯಾಂಡು ನಿಂತುಹೋಯಿತು, ಇನ್ನೊಮ್ಮೆ ಪಾದ್ರಿ ಬಂದು ದೀಪ ಆರಿಸಿದರು...

"ನಿಜ ಹೇಳಿ ತಾತ, ಏನಾಯ್ತು?" ನನ್ನ ಹೆಂಡತಿ ಒಂದು ದಿನ ಕೇಳಿಯೇಬಿಟ್ಟಳು.

"ನಾನು ಗೋಡೆ ಬಿಟ್ಟು ಅಲ್ಲಾಡ್ಲೇ ಇಲ್ಲಮ್ಮ. ಎರಡು ವರ್ಷ. ಆಮೇಲೆ ಈ ದೇಶಕ್ಕೆ ಹಡಗು ಹತ್ತಿದೆ."

ಆ ವರ್ಷ ದೀಪಾವಳಿಗೆ ನಮ್ಮ ಕನ್ನಡದವರು ಬಾಡಿಗೆಗೆ ಹಿಡಿದ ಹಾಲ್‌ಗೆ ತಾತನನ್ನೂ ಕರೆದೊಯ್ದೆವು. ಬಾಗಿಲಲ್ಲೇ ನಿಂತು ಬಿದ್ದು ಬಿದ್ದು ನಕ್ಕರು. ನಮ್ಮ ಗಂಡಸರೆಲ್ಲ ಕ್ರಿಕೆಟ್ ಮಾತಾಡುತ್ತ ಒಂದು ಗೋಡೆಗೆ, ಹೆಂಗಸರೆಲ್ಲ ಎದುರು ಗೋಡೆಗೆ!

"ಇದು ನಮ್ಮೂರ ಹಾಲೇ ಕಣಪ್ಪ. ನೆಲ ಒಂದು ಜಾರಲ್ಲ."

ಮೂಲೆಯಲ್ಲಿ ಕೇರಂ ಆಡುತ್ತಿದ್ದವರ ಪೌಡರ್ ಡಬ್ಬಿ ಕಿತ್ತುಕೊಂಡು ನಾನು ನೆಲಕ್ಕೆಲ್ಲ ಎರಚಿದೆ. ಹೆಂಗಸರು ಬೈದರು, ಮಕ್ಕಳು ಜಾರಾಡಿದರು. ಹಾಡು ಶುರುವಾಯಿತು. ತಾತ ಟೈ ಸರಿಮಾಡಿಕೊಂಡು ನಡೆಯತೊಡಗಿದರು. ನೇರ ಹೋಗಿ, ಮೈಸೂರಿನಿಂದ ಬಂದಿದ್ದ ನನ್ನ ಅಮ್ಮನ ಮುಂದೆ ಕೈ ಚಾಚಿದರು. ಅಮ್ಮ ಒಲ್ಲೆನೆಂದರೆ ಈ ಎಪ್ಪತ್ತೈದರ ಮನುಷ್ಯ ಹೇಗೆ ವಾಪಸು ನಡೆದಾರು ಎಂದುಕೊಂಡು ನಾನೂ ಹಿಂದೆಯೇ ಓಡಿದೆ.

"ಏನಂತೋ ಇವ್ರಿಗೆ?" ಅಮ್ಮ ನನ್ನನ್ನು ಕೇಳಿದರು.

"ಕುಣಿಯೋಕೆ ಕರೀತಿದಾರೆ."

"ಅಯ್ಯೋ ಶಿವನೇ! ಅವರ ಕುಣಿತ ನಂಗೆಲ್ಲಿ ಬರತ್ತೆ? ಕೋಲಾಟ ಆದ್ರೆ ಸೈ, ಕೇಳು."

ಮಕ್ಕಳ ಕಾರ್ಯಕ್ರಮಕ್ಕೆ ತಂದಿದ್ದ ಕೋಲುಗಳು ಇಬ್ಬರ ಕೈಗೂ ಬಂದವು. ಅಮ್ಮನ ಕೋಲು ತಾತನ ಕೋಲಿಗಿಂತ ಗೆಣ್ಣಿಗೇ ಹೆಚ್ಚು ಬಿತ್ತು. "ತಾಳ ನೋಡ್ಕೊಳ್ರೀ!" ಎಂದು ಅಮ್ಮ ಕನ್ನಡದಲ್ಲೇ ಗದರಿದರು. "ಯೆಸ್ ಮೇಡಂ" ಎಂದು ತಾತ ಇನ್ನೊಂದು ಏಟು ತಿಂದರು. ಮನೆಗೆ ಬರುವಾಗ ಕಾರಿನಲ್ಲಿ ಗೆಣ್ಣು ನೀವಿಕೊಳ್ಳುತ್ತ, "ಇಷ್ಟೇನಾ ದೂರ!" ಎಂದರು.

ಮರುವರ್ಷ ಟಿಕೆಟ್ ತೆಗೆದು ಊರಿಗೇ ಹೋದರು. ಆ ಹಾಲ್ ಈಗ ಟ್ರ್ಯಾಕ್ಟರ್ ಶೆಡ್ ಆಗಿತ್ತಂತೆ. ಹಸಿರು ಕೋಟಿನವಳು ಮೊಮ್ಮಕ್ಕಳೊಡನೆ ಇದ್ದಳಂತೆ. ಅವಳ ಅಡುಗೆಮನೆಯಲ್ಲೇ ನಿಂತು, ಕುಣಿಯೋಣವಾ ಎಂದು ಕೇಳಿದರಂತೆ. ವಾಪಸು ಬಂದವರು ಸೂಟ್‌ಕೇಸ್ ಇಳಿಸುವ ಮೊದಲೇ ನಮಗೆ ಕೂಗಿ ಹೇಳಿದರು: "ಆಗಲ್ಲ ಅಂದ್ಲು ಕಣಪ್ಪ! ಆಗ ಕೇಳಿದ್ರೂ ಆಗಲ್ಲ ಅಂತಿದ್ದೆ ಅಂದ್ಲು!"

ಅಷ್ಟು ಖುಷಿಯಲ್ಲಿ ಅವರನ್ನು ಅದುವರೆಗೆ ಕಂಡಿರಲಿಲ್ಲ. ಆಮೇಲೆ ಎಷ್ಟು ಸಲ ಹೇಳಿದರೂ ಆ ಕಥೆ ಒಂದೇ ಥರ ಮುಗಿಯಿತು.

ಎರಡು ಚಳಿಗಾಲ ಕಳೆದು ತಾತ ತೀರಿಕೊಂಡರು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಒಳ್ಳೆಯ ಜನ, ಬೇಲಿಯಾಚೆಯಿಂದಲೇ ಕೈಬೀಸಿ ಕಾರು ಹತ್ತಿ ಹೋಗುತ್ತಾರೆ.