ಚಾಲೂ ಮಾಡಿ ತೋರಿಸಿದ ರೇಸ್ ಕಾರು

ಹಳೆಯ ಮಿಕ್ಸಿಯನ್ನು ಕೊಳ್ಳುವಾಗಲೂ ಅದನ್ನು ಒಮ್ಮೆ ಗುರ್ರೆನ್ನಿಸದೆ ಕೈಗೆತ್ತಿಕೊಳ್ಳಬಾರದೆಂಬುದು ನನ್ನ ಜೀವನಸಿದ್ಧಾಂತ. ಹೆಂಡತಿಯ ಪ್ರಕಾರ ಇದು ಸಿದ್ಧಾಂತವಲ್ಲ, ವ್ಯಾಧಿ. ಹೊಸ ಟಾರ್ಚು ಕೊಂಡರೆ ಅಂಗಡಿಯಿಂದ ಮನೆಯವರೆಗೂ ಹಾಡಹಗಲಲ್ಲೇ ಉರಿಸಿಕೊಂಡು ಬರುವವನಂತೆ ನಾನು. ಇರಲಿ. ಪೀಣ್ಯದಲ್ಲಿ ಹಳೆಯ ಲೇತು, ಡ್ರಿಲ್ಲಿಂಗ್ ಯಂತ್ರಗಳನ್ನು ಕೊಂಡು ಮಾರಿಯೇ ತಲೆ ನರೆಸಿಕೊಂಡವನಿಗೆ ಕಣ್ಣಿಗಿಂತ ಕಿವಿಯೇ ಪರಮಾಪ್ತ. ಬಣ್ಣ ಬಳಿದು ಮುಪ್ಪನ್ನು ಮುಚ್ಚಬಹುದು. ಚಾಲೂ ಮಾಡಿದೊಡನೆ ಯಂತ್ರ ತನ್ನ ಜಾತಕವನ್ನು ತಾನೇ ಓದಿ ಹೇಳುತ್ತದೆ. ಓಡುವುದಕ್ಕೆ ಬೆಲೆಯುಂಟು, ಓಡದ್ದಕ್ಕೆ ತೂಕ ಮಾತ್ರ. ಪುಕ್ಕಟೆ ಸಲಹೆ, ನೆನಪಿಟ್ಟುಕೊಳ್ಳಿ.

ಈ ಸಿದ್ಧಾಂತವೇ ನನ್ನ ಒಂದು ಒಳ್ಳೆಯ ವ್ಯಾಪಾರವನ್ನು ನುಂಗಿ ನೀರು ಕುಡಿದ ಕಥೆಯನ್ನು ಹೇಳುತ್ತೇನೆ.

ನಮ್ಮ ಬೀದಿಯಲ್ಲೇ ಶೆಡ್ಡು ಇಟ್ಟುಕೊಂಡಿದ್ದ ಶಿವಪುತ್ರಪ್ಪ ವಿಜಯಪುರದ ಕಡೆಯಿಂದ ಬಂದು, ಕೂಲಿಯಿಂದ ಶುರುಮಾಡಿ ವೆಲ್ಡಿಂಗಿನಲ್ಲಿ ಪಂಡಿತನಾದವನು. ಅವನು ನಾಲ್ಕು ವರ್ಷದ ಭಾನುವಾರಗಳನ್ನು ಸುಟ್ಟು ಒಂದು ರೇಸ್ ಕಾರು ಕಟ್ಟಿದ್ದ. ಒಂದೇ ಸೀಟು. ಸ್ಕೂಟರಿನಲ್ಲೂ ಸಂಸಾರಸಮೇತ ಸಂಚರಿಸುವ ನಮ್ಮ ಸೀಮೆಯಲ್ಲಿ ಇದೆಂಥ ಅಪವ್ಯಯವೆಂದು ನಾನು ಉಪದೇಶಿಸಿದ್ದೆ. ಅವನು ನಕ್ಕು ಪೈಪು ಕತ್ತರಿಸತೊಡಗಿದ್ದ. ಪೈಪುಗಳ ಪಂಜರ, ಬೆನ್ನ ಹಿಂದೆ ಸಣ್ಣ ಕಾರೊಂದರ ಮೂರು ಸಿಲಿಂಡರಿನ ಎಂಜಿನ್ನು, ಮೈಯಿಂದಾಚೆ ಚಾಚಿದ ನಾಲ್ಕು ಚಕ್ರ. ಓಡಿಸುವವರು ಸ್ಟೇರಿಂಗ್ ಕಳಚಿ ಒಳಗಿಳಿದು, ಅನಂತಶಯನನಂತೆ ಕಾಲು ಚಾಚಿ ಮಲಗಬೇಕು. ಅಳತೆಯೆಲ್ಲ ಅವನ ಮಗಳು ಗಿರಿಜೆಯ ಮೈಯದ್ದು, ಏಕೆಂದರೆ ಓಡಿಸುವವಳು ಅವಳೇ.

ಚೆನ್ನೈ ಕಡೆಯ ಟ್ರ್ಯಾಕಿನಲ್ಲಿ ಅದು ಮೂರು ರೇಸು ಕಂಡಿತು. ಮೊದಲನೆಯದರಲ್ಲಿ ಗೇರಿನ ಸರಳು ಕಳಚಿ, ಹಗ್ಗ ಕಟ್ಟಿಸಿಕೊಂಡು ಮರಳಿತು. ಎರಡನೆಯದರಲ್ಲಿ ಕಟ್ಟಕಡೆಯದಾಗಿ ಬಂತು. ತಿರುವಿನಲ್ಲಿ ಹಿಂಭಾಗ ತೇಲುತ್ತದೆಂದು ಮಗಳು ದೂರಿದಳು. ಅಪ್ಪ ಅಲ್ಯೂಮಿನಿಯಂ ತಗಡು ಬಡಿದು ಹಿಂದಿನ ರೆಕ್ಕೆಯನ್ನು ಅಗಲಿಸಿದ. ಹಕ್ಕಿಗೆ ರೆಕ್ಕೆ ಹಾರಲಿಕ್ಕೆ, ಈ ಗಾಡಿಗೆ ಹಾರದಿರಲಿಕ್ಕೆ ಎಂಬ ವಿಜ್ಞಾನ ನನಗೆ ತಿಳಿದದ್ದು ಆಗಲೇ. ಮೂರನೆಯದರಲ್ಲಿ ಐದನೆಯ ಸ್ಥಾನ! ಬೇರೆ ತಂಡದವರೊಬ್ಬರು ಬಗ್ಗಿ ಅದರ ಹೊಟ್ಟೆ ನೋಡಿ ಹೋದರೆಂಬುದನ್ನು ಶಿವಪುತ್ರಪ್ಪ ಪದಕವೇ ಬಂದಂತೆ ಹೇಳಿಕೊಳ್ಳುತ್ತಿದ್ದ. ಆಮೇಲೆ ಗಿರಿಜೆಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಾಯಿತು, ಕಾರಿನ ಮೇಲೆ ಟಾರ್ಪಾಲು ಬಿತ್ತು.

ಈ ವರ್ಷ ಶೆಡ್ಡಿನ ಮಾಲೀಕರು ಅಲ್ಲಿ ಪಿ.ಜಿ. ಕಟ್ಟಿಸಲು ಹೊರಟರು. ಶಿವಪುತ್ರಪ್ಪನಿಗೆ ಚಿಕ್ಕಬಾಣಾವರದಲ್ಲಿ ಸಿಕ್ಕ ಜಾಗ ಚಿಕ್ಕದು. ಕಾರಿಗೆ ಅಲ್ಲಿ ಎಡೆಯಿಲ್ಲ. ಮಾರದಿದ್ದರೆ ಗುಜರಿಯೇ ಗತಿ. ಆಗ ವೈಟ್‌ಫೀಲ್ಡಿನ ಹೋಟೆಲಿನವರೊಬ್ಬರನ್ನು ಹಿಡಿದು ತಂದವನು ನಾನು. ಅವರಿಗೆ ಅದನ್ನು ಗೋಡೆಗೆ ನೇತುಹಾಕುವ ಆಸೆ. ಮಾತು ಕುದುರಿತು, ಕೈ ಕುಲುಕುವುದಷ್ಟೇ ಬಾಕಿ. ಅಷ್ಟರಲ್ಲಿ ನನ್ನ ವ್ಯಾಧಿ ಕೆರಳಿತು: ಚಾಲೂ ಮಾಡದೆ ಮಾರುವುದುಂಟೇ? ಹೋಟೆಲಿನವರು ಬೇಡವೆಂದರೂ ಕೇಳದೆ ಶನಿವಾರಕ್ಕೆ ಮುಹೂರ್ತವಿಟ್ಟು, ಆ ಅಳತೆಗೆ ಮೈ ಹೊಂದುವ ಏಕೈಕ ವ್ಯಕ್ತಿಯಾದ ಗಿರಿಜೆಯನ್ನು ಕರೆಸಿದೆ.

ಅವಳು ಮೆಟ್ರೋ ಇಳಿದು ಬಂದು, ಸೊಂಟ ತುಸು ಬಿಗಿಯಾಯಿತೆಂದು ಗೊಣಗುತ್ತ ಒಳಗಿಳಿದಳು. ಎಂಜಿನ್ನು ಎರಡು ಸಲ ಕೆಮ್ಮಿ, ಮೂರನೆಯ ಸಲ ತಗಡಿನ ಮಾಡನ್ನೇ ನಡುಗಿಸಿತು. ಹೋಟೆಲಿನವರು ವಿಡಿಯೊ ಮಾಡಿಕೊಂಡರು. ನಾನು ಎದೆಯುಬ್ಬಿಸಿದೆ. ಅಪ್ಪ ಮಗಳು ಮಾತ್ರ ಒಬ್ಬರನ್ನೊಬ್ಬರು ನೋಡಿದರು.

"ಒಂದು ಸಿಲಿಂಡರ್ ಸುಮ್ಮನದ ಅಪ್ಪಾ," ಎಂದಳು ಗಿರಿಜೆ.

"ಮೂರನೇದ. ವಾಲ್ವ್ ಸುಟ್ಟಿರಬೇಕು. ಬಂದ್ ಮಾಡವ್ವಾ."

ಶಿವಪುತ್ರಪ್ಪ ಕೈಯೊರೆಸಿಕೊಂಡು ಹೋಟೆಲಿನವರತ್ತ ತಿರುಗಿ, ರಿಪೇರಿಯಾಗದೆ ಗಾಡಿ ಕೊಡಲಾರೆನೆಂದ.

"ಗೋಡೆ ಮೇಲೆ ಇರೋದಕ್ಕೆ ರಿಪೇರಿ ಯಾಕ್ರೀ? ಹಾಗೇ ಕೊಡಿ," ಎಂದರು ಅವರು.

"ಗ್ವಾಡಿಗೆ ಬ್ಯಾಡಾಗಿರಬಹುದ್ರಿ ಸಾಹೇಬ್ರ. ಎಂಜಿನ್ನಿಗೆ ಬೇಕಲ್ಲ?"

ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ, ಶಿವಪುತ್ರಪ್ಪನ ಕಾಲು ತುಳಿದೆ. ಅವನಾಗಲೇ ಸ್ಪ್ಯಾನರ್ ಹುಡುಕುತ್ತಿದ್ದ. ಗಿರಿಜೆ ಕಾರಿನಿಂದ ಏಳಲೇ ಇಲ್ಲ, ಅಲ್ಲಿಂದಲೇ ಹತ್ತು ನಂಬರಿನದ್ದು ಎಲ್ಲಿದೆಯೆಂದು ಹೇಳುತ್ತಿದ್ದಳು. ಹೀಗಾಗಿ ಸಿದ್ಧಾಂತಕ್ಕೊಂದು ತಿದ್ದುಪಡಿ: ಕೊಳ್ಳುವವನ ಮುಂದೆ ಯಂತ್ರವನ್ನು ಧಾರಾಳವಾಗಿ ಚಾಲೂ ಮಾಡಿ, ಕಟ್ಟಿದವನ ಮುಂದೆ ಮಾತ್ರ ಬೇಡ.

ಶೆಡ್ಡು ತೆರವಾಯಿತು, ಕಾರು ಈಗ ನನ್ನ ಗೋದಾಮಿನಲ್ಲಿದೆ. ಮಾರಲು ತಂದ ಎರಡು ಲೇತುಗಳು ಅದಕ್ಕೆ ಜಾಗ ಬಿಟ್ಟು ಹೊರಗೆ ನಿಂತಿವೆ. ಭಾನುವಾರ ಅಪ್ಪ ಮಗಳು ಬರುತ್ತಾರೆ, ಟೀ ನನ್ನದು. ಮೊನ್ನೆ ಹೋಟೆಲಿನವರು ಫೋನು ಮಾಡಿ ರಿಪೇರಿ ಎಲ್ಲಿಗೆ ಬಂತೆಂದು ವಿಚಾರಿಸಿದಾಗ ನಾನು ಹಳೆಯ ಬಿಡಿಭಾಗಗಳ ಅಂಗಡಿಯಲ್ಲೇ ಇದ್ದೆ. ಇನ್ನೂ ನಡೀತಿದೆ ಸಾರ್, ಬೇರೆ ಗಾಡಿ ನೋಡಿಕೊಳ್ಳಿ ಎಂದೆ. ಅಂಗಡಿಯವನು ಆ ಎಂಜಿನ್ನಿಗೆ ಹೊಂದುವ ವಾಲ್ವೊಂದನ್ನು ಒರೆಸಿ ಮುಂದಿಟ್ಟ. ಬೆಳಕಿಗೆ ಹಿಡಿದು ನೋಡಿದೆ. ಚೆನ್ನಾಗಿಯೇ ಇತ್ತು, ಇಂಥ ಹಳೆಯ ಮಾಲನ್ನು ನಾನೇ ಎಷ್ಟೋ ಜನರ ತಲೆಗೆ ಕಟ್ಟಿದ್ದೇನೆ. ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಹೊಸದಿದೆಯೇ ಎಂದು ಕೇಳಿದೆ.