ರುಬೀನಾಳ ಬಲಗೈ

ಕಳೆದ ತಿಂಗಳು ಮಸ್ಕಿಯಲ್ಲಿ ಒಂದು ಕೈ ನೋಡಿ ಬಂದೆ. ಅದು ತನ್ನ ಒಡತಿಯ ಮಾತು ಕೇಳುತ್ತಿರಲಿಲ್ಲ.

ತಮಾಷೆ ಅಲ್ಲ. ಅವತ್ತಿನಿಂದ ಚಹಾದ ಕಪ್ಪು ಎತ್ತುವ ಮುಂಚೆ ನನ್ನ ಕೈಯನ್ನೂ ಒಮ್ಮೆ ನೋಡಿಕೊಳ್ಳುತ್ತೇನೆ.

ಆ ಕೈ ರುಬೀನಾಳದ್ದು. ನನ್ನ ಹೈಸ್ಕೂಲ್ ಗೆಳತಿ ಪರ್ವೀನಳ ಮಗಳು. ವೃತ್ತಿ? ಗಾಲ್ಫ್ ಆಡುವುದು. (ಹೌದು, ಮಸ್ಕಿಯ ಹುಡುಗಿ. ನಿಮಗೆ ಈಗ ಆದ ಆಶ್ಚರ್ಯ ಮಸ್ಕಿಗೆ ಇನ್ನೂ ಇಳಿದಿಲ್ಲ.) ಅಪ್ಪ ಮಿಲಿಟರಿಯಲ್ಲಿದ್ದವರು. ಕೊನೆಯ ವರ್ಷಗಳಲ್ಲಿ ಅವರಿಗೆ ಸಿಕ್ಕ ಡ್ಯೂಟಿ ದಂಡಿನ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವುದು. ಅಪ್ಪನ ಬೆನ್ನು ಹತ್ತಿ ಹೋದ ಮಗಳು ಸಾಹೇಬರು ಬಿಸಾಕಿದ ಹಳೇ ಕೋಲು ಹಿಡಿದಳು. ಹಿಡಿದವಳು ಬಿಡಲಿಲ್ಲ. ಕಾಲೇಜು ಮುಗಿಯುವ ಹೊತ್ತಿಗೆ ಪ್ರೊಫೆಷನಲ್ ಆದಳು. ಊರೂರು ಸುತ್ತಿ ಟೂರ್ನಿ ಆಡಿದಳು. ಎರಡು ಸಲ ಕಪ್ ಎತ್ತಿದಳು. ಪೇಪರಿನಲ್ಲಿ ಫೋಟೋ ಬಂತು.

ಆಮೇಲೆ ಒಂದು ದಿನ, ಆಟದ ನಡುವೆ, ಬಲಗೈ ತಾನಾಗಿ ಎಳೆಯಿತು.

ನನಗೆ ತಿಳಿದದ್ದು ಪರ್ವೀನಳ ಫೋನಿನಿಂದ. "ಒಂದ್ಸಲ ಬಂದು ಹೋಗ ಬೇ. ಮಗಳು ಆಟ ಬಿಟ್ಟು ಮನೀಗ್ ಬಂದಾಳ. ಕೈಯಾಗ ಏನೋ ಹೊಕ್ಕೈತಿ."

ಏನೋ ಹೊಕ್ಕಿದೆ ಅಂದರೆ? ಸಿಂಧನೂರಿನಿಂದ ಮಸ್ಕಿಗೆ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯ ದೂರ. ಅವತ್ತು ನಿದ್ದೆ ಬರಲಿಲ್ಲ.

ರುಬೀನಾ ಮೊದಲು ನನ್ನನ್ನು ಬಳಗಾನೂರು ಕಡೆಯ ಅವರ ಹೊಲಕ್ಕೆ ಸ್ಕೂಟಿಯಲ್ಲಿ ಕರೆದೊಯ್ದಳು. ಭತ್ತ ಕೊಯ್ದು ಆಗಿತ್ತು. ನಡುಗುವ ಕೈ ನೋಡಬೇಕಾಗುತ್ತದೆ ಅಂತ ನಾನು ಮನಸ್ಸು ಗಟ್ಟಿ ಮಾಡಿಕೊಂಡು ನಿಂತೆ. ಅವಳು ಕೋಲು ಎತ್ತಿ ಬೀಸಿದಳು. ಚೆಂಡು ಕೂಳೆಗಳ ಮೇಲೆ ಹಾರಿ ದೂರದ ಕಾಲುವೆ ಏರಿಯ ಜಾಲಿಗಿಡದ ಬುಡಕ್ಕೆ ಬಿತ್ತು. ಇನ್ನೊಂದು ಹೊಡೆದಳು. ಅದೂ ಅಲ್ಲಿಗೇ!

"ಏನೂ ಆಗಿಲ್ಲಲ್ಲವಾ ನಿನಗ?" ಅಂದೆ.

"ಮನೀಗ್ ನಡೀರಿ ಖಾಲಾ. ತೋರಸ್ತೀನಿ." (ಖಾಲಾ ಅಂದರೆ ಚಿಕ್ಕಮ್ಮ.)

ಮನೆಯಲ್ಲಿ ಮಧ್ಯಾಹ್ನದ ಕರೆಂಟ್ ಹೋಗಿತ್ತು. ಫ್ಯಾನ್ ನಿಂತಿತ್ತು. ಪರ್ವೀನ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ರುಬೀನಾ ನಡುಮನೆಯ ಜಮಖಾನದ ತುದಿಯಲ್ಲಿ ಒಂದು ಸ್ಟೀಲ್ ಲೋಟ ಅಡ್ಡ ಮಲಗಿಸಿದಳು. ಪಟರ್ (ಚೆಂಡನ್ನು ಮೆಲ್ಲಗೆ ಕುಳಿಗೆ ದೂಡುವ ಕೋಲು) ಕೈಗೆ ತೆಗೆದುಕೊಂಡಳು. ಚೆಂಡಿಲ್ಲದೆ ಆಡಿಸಿ ತೋರಿಸಿದಳು. ಗಡಿಯಾರದ ಲೋಲಕದ ಹಾಗೆ, ಎಷ್ಟು ನಯ!

ಆಮೇಲೆ ಚೆಂಡು ಇಟ್ಟಳು. ಲೋಟ ಎರಡು ಮಾರು ದೂರವೂ ಇರಲಿಲ್ಲ. ಮಕ್ಕಳೂ ಹಾಕುತ್ತಾರೆ.

ಕೋಲು ಚೆಂಡಿನ ಹತ್ತಿರ ಬಂತು. ಮುಟ್ಟುವ ಕ್ಷಣದಲ್ಲಿ ಬಲ ಮಣಿಕಟ್ಟು ಫಕ್ಕನೆ ತಿರುಗಿತು. ಚೆಂಡು ಗೋಡೆಗೆ ಹೋಗಿ ಬಡಿಯಿತು.

ನಾನು ಅವಳ ಮುಖ ನೋಡಿದೆ. ಅದರಲ್ಲಿ ಗಾಬರಿ ಇರಲಿಲ್ಲ. ಬೇರೆ ಯಾರೋ ಮಾಡಿದ್ದನ್ನು ನೋಡುವವಳ ಹಾಗೆ ಅವಳು ತನ್ನ ಕೈಯನ್ನೇ ನೋಡುತ್ತಿದ್ದಳು.

"ಕುಳಿ ಹತ್ರ ಚೆಂಡು ಇಡೂತನಕ ಕೈ ನಂದು ಖಾಲಾ. ಇಟ್ಟಮ್ಯಾಲೆ ಯಾರ್ದೋ."

ನಂಬಿಕೆ ಬರಲಿಲ್ಲ. ನೀವಾಗಿದ್ದರೆ ನಂಬುತ್ತಿದ್ದಿರಾ? "ತಡಿ, ನಾ ಹಿಡೀತೀನಿ" ಅಂದೆ. ಅವಳ ಬಲ ಮಣಿಕಟ್ಟನ್ನು ನನ್ನ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ. ಅಲ್ಲಿ ಮುದಗಲ್ ದರ್ಗಾದ ಕಪ್ಪು ದಾರ ಕಟ್ಟಿತ್ತು. ಕೋಲು ಚೆಂಡಿನ ಹತ್ತಿರ ಬಂತು. ನನ್ನ ಅಂಗೈಯೊಳಗೆ ಏನೋ ಮಿಡುಕಿತು. ಬಲೆಯಿಂದ ಆಗಷ್ಟೇ ತೆಗೆದ ಮೀನು ಮಿಡುಕುತ್ತದಲ್ಲ, ಹಾಗೆ. ನಾನು ಕೈ ಬಿಟ್ಟುಬಿಟ್ಟೆ. ಬಿಟ್ಟು ಸೆರಗಿಗೆ ಒರೆಸಿಕೊಂಡೆ.

ಇದಕ್ಕೆ ಯಿಪ್ಸ್ ಅನ್ನುತ್ತಾರಂತೆ. ದೊಡ್ಡ ದೊಡ್ಡ ಆಟಗಾರರ ಕೈಯನ್ನೂ ಇದು ಹಿಡಿದಿದೆಯಂತೆ. ನರದ ಡಾಕ್ಟರು ಮನಸ್ಸಿನ ಡಾಕ್ಟರ ಕಡೆ ಕಳಿಸಿದರು. ಮನಸ್ಸಿನವರು ರೆಸ್ಟ್ ಅಂದರು. ಹೆಸರು ಗೊತ್ತಾದರೆ ಹೆದರಿಕೆ ಕಡಿಮೆಯಾಗುತ್ತದೆ ಅನ್ನುವುದು ಸುಳ್ಳು.

ಅದೇ ಮಧ್ಯಾಹ್ನ ಲಿಂಗಸುಗೂರಿನಿಂದ ಬೀಗರಾಗಬೇಕಾದವರು ಬಂದರು. ಹುಡುಗನ ತಾಯಿ, ಜೊತೆಗೆ ಅವರ ನಾದಿನಿ. ಹುಡುಗಿ ಆಟ ಬಿಟ್ಟರೆ ಸಂಬಂಧ ಪಕ್ಕಾ ಅಂತ ಮೊದಲೇ ಹೇಳಿ ಕಳಿಸಿದ್ದರು. ಕೈಯ ಸುದ್ದಿ ಅವರಿಗೂ ಮುಟ್ಟಿತ್ತು. ಶರಬತ್ತು ಕುಡಿದು ಹುಡುಗನ ತಾಯಿ ಅಂದರು, "ಕೈ ನೋಡೂಣ, ತೋರಸವಾ."

ರುಬೀನಾ ತೋರಿಸಿದಳು. ಮಣಿಕಟ್ಟು ತಿರುಗಿತು. ಚೆಂಡು ಉರುಳುತ್ತಾ ಹೋಗಿ ಹುಡುಗನ ತಾಯಿಯ ಕಾಲಿಗೇ ತಾಗಿತು. ನಾದಿನಿ ಕಾಲು ಮೇಲೆತ್ತಿಕೊಂಡರು. ತಾಯಿ ಮಾತ್ರ ನಕ್ಕರು.

"ನೋಡ ಪರ್ವೀನ್, ನಿನ್ ಮಗಳಿಗಿಂತ ಮೊದಲು ಆಕಿ ಕೈಗೆ ಅಕಲ್ ಬಂದೈತಿ. ಅದs ಬ್ಯಾಡ ಅನ್ನಾಕತ್ತೈತಿ."

ನಿಜ ಹೇಳಲೇ? ಮಿಡುಕುವ ಕೈಗಿಂತ ಆ ನಗುವೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಪರ್ವೀನ್ ತಲೆ ತಗ್ಗಿಸಿದಳು. ಅವಳಿಗೂ ಒಳಗೊಳಗೆ ಹಾಗೇ ಅನಿಸಿತ್ತೇನೋ.

ರುಬೀನಾ ಬಗ್ಗಿ ಚೆಂಡು ಎತ್ತಿಕೊಂಡಳು. "ಕೈ ಬ್ಯಾಡ ಅಂದೈತ್ರಿ. ನಾ ಅಂದಿಲ್ಲ."

ಫ್ಯಾನ್ ತಟ್ಟನೆ ತಿರುಗತೊಡಗಿತು. ಎಲ್ಲರೂ ಬೆಚ್ಚಿದೆವು. (ಕರೆಂಟ್ ಬಂದಿತ್ತು, ಅಷ್ಟೇ.)

ಮುಂದಿನ ವಾರ ಅವಳು ಬ್ಯಾಗು ಹೊತ್ತು ಹೊರಟಳು. ಅರ್ಹತಾ ಸುತ್ತು ದಾಟಿದರಷ್ಟೇ ಮುಂದಿನ ಹಂಗಾಮಿಗೆ ಟೂರ್‌ನಲ್ಲಿ ಜಾಗ. ಸೋತರೆ ಲಿಂಗಸುಗೂರು. ಅಪ್ಪ ಬಸ್ ಸ್ಟ್ಯಾಂಡಿನವರೆಗೆ ಬಂದರು. ಪರ್ವೀನ್ ಬರಲಿಲ್ಲ.

ಮೊನ್ನೆ ಸಂಜೆ ರುಬೀನಾಳ ಫೋನು. "ಖಾಲಾ, ಪಾಸಾದೆ! ಪಾಸಾದವ್ರಾಗ ಕಟ್ಟಕಡೇದಾಕಿ ನಾನs."

"ಕೈ?"

"ಉದ್ದ ಹೊಡಿಯಾಕ ಎರಡೂ ಕೈ. ಕುಳಿ ಹತ್ರ ಬಂದ್ರ ಎಡಗೈ ಒಂದರಿಂದನs. ಬಲಗೈ ಜೇಬಿನ್ಯಾಗ ಇಟ್ಟಿರ್ತೀನಿ. ನೋಡಿದವ್ರು ನಗ್ತಾರ, ನಗ್ಲಿ ಬಿಡ್ರಿ."

ನನಗೆ ಸಂತೋಷ ತಡೆಯಲಾಗಲಿಲ್ಲ. "ಅಂದ್ರ ಅದು ಹೋತಲ್ಲ!"



"ಹೋಗಿಲ್ಲ ಖಾಲಾ. ಎಡಗೈ ಚೆಂಡು ಮುಟ್ಟೂ ಹೊತ್ತಿಗೆ ಸರಿಯಾಗಿ, ಜೇಬಿನ್ಯಾಗ ಬಲಗೈ ಜಗ್ಗತೈತಿ. ಬಟ್ಟಿ ಒಳಗs. ಯಾರಿಗೂ ಕಾಣಂಗಿಲ್ಲ."

"ಹೆದರಿಕಿ ಆಗಂಗಿಲ್ಲೇನ?"

"ಆಗ್ತೈತಿ. ಆದ್ರ ಅದರ ಪಾಡಿಗೆ ಅದು ಜಗ್ಗಲಿ. ನಂಗ ಆಡೂದೈತಿ."

ಫೋನ್ ಇಟ್ಟ ಮೇಲೆ ಬಹಳ ಹೊತ್ತು ದೀಪ ಹಾಕದೆ ಕೂತಿದ್ದೆ. ಒಂದು ಪ್ರಶ್ನೆ ನನ್ನನ್ನು ಏಳಗೊಡಲಿಲ್ಲ.

ನಮ್ಮ ಮೈಯೊಳಗೆ ಇರುವುದು ನಾವೊಬ್ಬರೇ ಅಂತ ನಮಗೆ ಹೇಳಿದವರಾದರೂ ಯಾರು?