ಆರ್ಲಿಸ್ ಕತ್ತರಿಸಿದ ಹಗ್ಗ

ಫ್ಲಾರಿಡಾದ ನಮ್ಮ ನದೀಮುಖದಲ್ಲಿ ಏಡಿ ಹಿಡಿಯುವವರೆಲ್ಲ ಆರ್ಲಿಸ್ ಟ್ಯೂಟನ್‌ನನ್ನು ಕಂಡು ನಗುತ್ತಿದ್ದರು. ನೀರಿನ ಮೇಲೆ ತಟ್ಟೆಯಗಲದ ನುಣುಪು ಗುರುತು ಎದ್ದರೆ ಸಾಕು, ಕೆಳಗೆ ಮ್ಯಾನಟೀ ಎಂಬ ಭಾರಿ, ಸಾಧು ನೀರುಪ್ರಾಣಿ ಹೋಗುತ್ತಿದೆ, ಅದಕ್ಕೆ ಪ್ರೊಪೆಲರ್ ತಾಗಬಾರದು ಎಂದು ಇಂಜಿನ್ ಆರಿಸಿ ಕೂತುಬಿಡುತ್ತಿದ್ದ.

"ಲೋ ಆರ್ಲಿಸ್, ನಿನ್ನ ನೀರೆಮ್ಮೆ ದಾಟೋ ಹೊತ್ತಿಗೆ ನಮ್ಮ ಏಡಿಗಳಿಗೆಲ್ಲ ಮುಪ್ಪು ಬರತ್ತೆ!"

"ಬಂದ್ರೆ ಏನಾಯ್ತೋ? ಮುಪ್ಪು ಬಂತು ಅಂತ ನಿನ್ನ ಹೆಂಡ್ತಿ ನಿನ್ನ ಆಚೆಗೆ ಹಾಕಿದ್ಲಾ?"

ಅವನ ಹೆಂಡತಿ ಒಜೆಲ್ಲಾ ಮತ್ತು ನಾನು ಏಡಿಮನೆಯಲ್ಲಿ ಒಂದೇ ಮೇಜಿಗೆ ಕೂತು, ಬೆಂದ ಏಡಿಯ ಮಾಂಸ ಬಿಡಿಸುತ್ತಿದ್ದವರು. ಹಾಗಾಗಿ ಆ ಚಳಿಗಾಲದ ಬೆಳಿಗ್ಗೆ ಅವನು ಒದ್ದೆ ಅಂಗಿಯಲ್ಲೇ ಒಳಗೆ ಬಂದಾಗ ನಾನೂ ಅಲ್ಲಿದ್ದೆ.

"ಬಿಡಿಸ್ಬಿಟ್ಟೆ ಕಣೇ," ಎಂದ, ಮುಖ ಅರಳಿಸಿಕೊಂಡು.

ಬುಗ್ಗೆಯ ಬೆಚ್ಚನೆ ನೀರಿನ ಹತ್ತಿರ ಒಂದು ತಾಯಿ ಮ್ಯಾನಟೀ, ಈಜುವ ತೋಳಿಗೆ ಹಗ್ಗ ಸುತ್ತಿಕೊಂಡು, ಏಡಿಬೋನಿನ ಗುರುತಿಗೆ ತೇಲಿಬಿಡುವ ಬೆಂಡನ್ನು ಎಳೆದುಕೊಂಡು ತಿರುಗುತ್ತಿತ್ತಂತೆ. ಪಕ್ಕದಲ್ಲಿ ಮರಿ. ಇವನು ದೋಣಿಯ ಅಂಚಿಗೆ ಬೋರಲು ಮಲಗಿ, ಚಾಕು ಚಾಚಿ ಹಗ್ಗ ಕತ್ತರಿಸಿದ್ದ. ಮ್ಯಾನಟೀ ಮುಳುಗಿ ಹೋಯಿತು.

"ತೋಳಿಗೆ ಸುತ್ತಿದ್ದ ಹಗ್ಗ?" ಒಜೆಲ್ಲಾ ಕೇಳಿದಳು.

"ಮಾಂಸದೊಳಗೆ ಹೂತಿತ್ತು, ಸಿಗ್ಲಿಲ್ಲ. ತಾನೇ ಕೊಳೆತು ಬೀಳತ್ತೆ ಬಿಡು."

"ಪ್ಲಾಸ್ಟಿಕ್ ಹಗ್ಗ ಕೊಳೆಯತ್ತಾ? ನಮ್ಮನ್ನ ಮಣ್ಣು ಮಾಡಿದ್ಮೇಲೂ ಇರತ್ತೆ ಅದು." ಅವಳು ಕೈಯಲ್ಲಿದ್ದ ಏಡಿ ಕೆಳಗಿಟ್ಟಳು. "ಪ್ರಾಣಿ ರಕ್ಷಣೆಯವ್ರಿಗೆ ಫೋನ್ ಮಾಡಿ, ಅವ್ರು ಬರೋತನಕ ಅದರ ಹಿಂದೇನೇ ಇರ್ಬೇಕಿತ್ತು. ಬೆಂಡು ತೇಲ್ತಿದ್ರೆ ತಾನೇ ಅದು ಎಲ್ಲಿದೆ ಅಂತ ಗೊತ್ತಾಗೋದು? ಹಗ್ಗ ಕತ್ತರಿಸ್ಬೇಡಿ ಅಂತ ದೋಣಿಗಟ್ಟೇಲಿ ಅಷ್ಟು ದೊಡ್ಡದಾಗಿ ಬರ್ದಿದಾರಲ್ಲ!"

ಆರ್ಲಿಸ್ ನೆಲ ನೋಡಿದ. "ಬೆಂಡು ನಂದೇ ಕಣೇ."

ನಮ್ಮಲ್ಲಿ ಪ್ರತಿ ಬೆಂಡಿನ ಮೇಲೂ ಅದರ ಒಡೆಯನ ನಂಬರು ಇರುತ್ತದೆ. ಒಜೆಲ್ಲಾ ಅವನ ಕೈಗೆ ಫೋನ್ ಕೊಟ್ಟಳು. ಹಗ್ಗದ ವಿಷಯ ಹೇಳಿದ. ಬೆಂಡಿನ ವಿಷಯ ಹೇಳಲಿಲ್ಲ.

ರಕ್ಷಣೆಯವರು ದೊಡ್ಡ ಬಲೆ ಹಿಡಿದು ಬಂದರು. ಚಹಾದಂಥ ಕಂದು ನೀರು, ಅದರೊಳಗೆ ಚಳಿಗೆ ಬಂದು ಸೇರಿದ ಎಷ್ಟೋ ಮ್ಯಾನಟೀಗಳ ಬೆನ್ನುಗಳು. ಯಾವುದೆಂದು ಹಿಡಿಯುವುದು? ಬರಿಗೈಯಲ್ಲಿ ಹೋದರು. ಆರ್ಲಿಸ್ ಮಾತ್ರ ಬೋನು ಎತ್ತುವುದನ್ನೂ ಬಿಟ್ಟು ದಿನಾ ಹುಡುಕಿದ. ಅದರ ಬೆನ್ನ ಮೇಲೆ ಪ್ರೊಪೆಲರಿನ ಹಳೆ ಗಾಯ ಮೀನಿನ ಮುಳ್ಳಿನ ಹಾಗೆ ಇತ್ತಂತೆ. ಆ ಗಾಯಕ್ಕಾಗಿ ನೀರನ್ನೇ ದಿಟ್ಟಿಸಿ ಅವನ ಕಣ್ಣುಗಳು ಕೆಂಪಾಗಿ ಊದಿಕೊಂಡವು. ಒಜೆಲ್ಲಾ ಕಟ್ಟಿಕೊಟ್ಟ ಮೆಕ್ಕೆಜೋಳದ ರೊಟ್ಟಿ ಹಾಗೇ ಮನೆಗೆ ಬರುತ್ತಿತ್ತು.

ಗಾಳಿ ಬೆಚ್ಚಗಾಗುವ ಹೊತ್ತಿಗೆ ಅದು ಸಿಕ್ಕಿತು, ಉಪ್ಪುಹುಲ್ಲಿನ ಕೆಸರಿನಲ್ಲಿ, ಸತ್ತು. ನಾವಿಬ್ಬರೂ ಊಟ ಒಯ್ದಾಗ ಆರ್ಲಿಸ್ ಅದರ ಪಕ್ಕ ನಿಂತು ಹುಟ್ಟು ಬೀಸಿ ರಣಹದ್ದು ಓಡಿಸುತ್ತಿದ್ದ. ರಕ್ಷಣೆಯವರ ಡಾಕ್ಟರಮ್ಮ ಬಂದು ತೋಳು ಸೀಳಿ ನೋಡಿದಳು. ಹಗ್ಗ ಮೂಳೆಗೆ ತಾಗಿತ್ತು.

"ಗಾಯ ಕೊಳೆತು ನಂಜು ಮೈಗೆಲ್ಲ ಏರಿದೆ," ಎಂದಳು. "ಯಾರ ಹಗ್ಗ ಅಂತ ಇನ್ನು ಗೊತ್ತಾಗಲ್ಲ ಬಿಡಿ ಸರ್. ಬೆಂಡೇ ಇಲ್ವಲ್ಲ."

ಒಜೆಲ್ಲಾ ನನ್ನ ಮಣಿಕಟ್ಟು ಹಿಡಿದುಕೊಂಡಳು. ಆರ್ಲಿಸ್ ದೋಣಿಗೆ ಹೋಗಿ ಸೀಟಿನ ಅಡಿಗೆ ಕೈ ಹಾಕಿದ. ಚಳಿಗಾಲವೆಲ್ಲ ಅಲ್ಲೇ ಇದ್ದ ಹಳದಿ ಬೆಂಡನ್ನು ತಂದು ಆಕೆಯ ಕೈಗಿಟ್ಟ. ಆಕೆ ಅದನ್ನು ತಿರುಗಿಸಿ ನಂಬರು ಓದಿದಳು.

"ಮರಿ ಎಲ್ಲಾದ್ರೂ ಕಾಣಿಸ್ತಾ, ಅಮ್ಮಾ?" ಎಂದು ಕೇಳಿದ.

ಆಕೆ ಇಲ್ಲವೆಂದು ತಲೆಯಾಡಿಸಿದಳು.